ಉರಿಯದ ಎದೆಯ ತನಿಖೆ

"ಇನ್ನು ಮೇಲೆ ನನ್ನ ಹೊಟ್ಟೆಗೆ ನಾನೇ ಯಜಮಾನ, ಮಾತ್ರೆಯಲ್ಲ!" ಎಂದು ಬೆಳ್ಳಂಬೆಳಗ್ಗೆ ಎದೆ ತಟ್ಟಿಕೊಂಡು ಘೋಷಿಸಿದೆ. ವರ್ಷಗಟ್ಟಲೆ ಖಾಲಿ ಹೊಟ್ಟೆಗೆ ಅಸಿಡಿಟಿ ಮಾತ್ರೆ ನುಂಗಿಯೇ ದಿನ ಶುರು ಮಾಡಿದ ಮಹಾಪುರುಷ ನಾನು. "ಏಕಾಏಕಿ ಬಿಟ್ರೆ ಉರಿ ಇನ್ನೂ ಜಾಸ್ತಿಯಾಗುತ್ತೆ. ಮೊದಲು ದಿನ ಬಿಟ್ಟು ದಿನ ತಗೊಳ್ಳಿ" ಎಂದಿದ್ದರು ಡಾಕ್ಟರು. ಸರಿ, ಮಾತ್ರೆಯ ಸ್ಟ್ರಿಪ್ಪನ್ನು ಹೆಂಡತಿಯ ವಶಕ್ಕೆ ಒಪ್ಪಿಸಿದೆ.

"ಬಿಡುವಿನ ದಿನ ನಾನು ಕಾಲಿಗೆ ಬಿದ್ರೂ ಕೊಡಬೇಡ ಕಣೇ!"

"ಮೊದಲು ಬೀಳಿ, ಆಮೇಲೆ ನೋಡೋಣ" ಎಂದಳು.

ಬಿಡುವಿನ ದಿನ ಬಂತು. ಎದೆಯ ಮೇಲೆ ಕೈಯಿಟ್ಟುಕೊಂಡು ಕಾದೆ. ಉರಿಯಲಿಲ್ಲ! ಮುಂದಿನ ಸರದಿಯಲ್ಲೂ ಉರಿಯಲಿಲ್ಲ! ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು. ನಾನು ವಿಮಾ ಕಂಪನಿಯವನು. ಸುಟ್ಟ ಅಂಗಡಿಗಳಿಗೆ ಹೋಗಿ, ಬೆಂಕಿ ತಾನಾಗಿ ಹತ್ತಿತೋ ಮಾಲೀಕನೇ ಹಚ್ಚಿದನೋ ಎಂದು ಮೂಸಿ ನೋಡುವುದೇ ನನ್ನ ಉದ್ಯೋಗ. ಹತ್ತಬೇಕಾದ ಬೆಂಕಿ ಹತ್ತಲಿಲ್ಲವೆಂದರೆ ಸುಮ್ಮನಿರಲಾದೀತೇ? ನನ್ನ ಸಂಕಟ ನೋಡಲಾರದೆ ಇವಳು ಊಟದಲ್ಲಿ ಮಾತ್ರೆ ಬೆರೆಸುತ್ತಿದ್ದಾಳೆ!

ತನಿಖೆ ಶುರುವಾಯಿತು. ಅನ್ನ ಮೂಸಿದೆ. ಮೊಸರನ್ನು ಟಾರ್ಚ್ ಹಾಕಿ ನೋಡಿದೆ. ಉಪ್ಪಿನ ಡಬ್ಬಿಗೆ ಬೆರಳಿಟ್ಟು ನೆಕ್ಕಿದೆ. ಎರಡು ವಾರ ಹೀಗೇ ನಡೆಸಿ, ಒಂದು ಸಂಜೆ ತಟ್ಟೆ ಅದಲುಬದಲು ಮಾಡುವಾಗ ಸಿಕ್ಕಿಬಿದ್ದೆ.

"ಏನ್ರೀ ಇದು? ವಿಷ ಹಾಕಿದೀನಿ ಅಂತ ಅನುಮಾನಾನಾ?"

"ವಿಷ ಆದ್ರೆ ಪರವಾಗಿಲ್ಲ ಕಣೇ, ಮಾತ್ರೆ ಹಾಕಿದೀಯೇನೋ ಅಂತ!"

ಅವಳು ತಟ್ಟೆ ತಳ್ಳಿ ಎದ್ದುಹೋದಳು. ನಾನು ಅಡುಗೆಮನೆ ಜಾಲಾಡಿ ಸ್ಟ್ರಿಪ್ ಹುಡುಕಿದೆ. ನನಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಮಾತ್ರೆ ಖಾಲಿ! ಸಿಕ್ಕಿಬಿದ್ದಳು ಕಳ್ಳಿ!

ಮರುದಿನ ಮನೆಯ ಊಟ ಮುಟ್ಟದೆ, ಆಫೀಸಿನ ಕ್ಯಾಂಟೀನಿನಲ್ಲಿ ಎಣ್ಣೆ ಸೋರುವ ಕರಿದ ತಿಂಡಿ ತಿಂದು, ಮೇಲೊಂದಿಷ್ಟು ಕಾಫಿ ಸುರಿದುಕೊಂಡೆ. ಸಂಜೆಯೊಳಗೆ ಎದೆ ಧಗಧಗ!

"ಉರೀತಿದೆ! ಉರೀತಿದೆ!" ಎಂದು ಕುಣಿದೆ.

ಪಕ್ಕದ ಮೇಜಿನ ಸಹೋದ್ಯೋಗಿ ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಓಡಿಬಂದ. "ಎಲ್ಲಿ ಸಾರ್?"

"ಒಳಗೆ!"

ಮನೆಯೂಟದಲ್ಲಿ ಮಾತ್ರೆ ಇತ್ತೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಹೆಂಡತಿಯನ್ನು ಕರೆದೊಯ್ದು ಡಾಕ್ಟರ ಮುಂದೆ ಕೂರಿಸಿ ದೂರು ಒಪ್ಪಿಸಿದೆ.

"ಕ್ಯಾಂಟೀನ್ ತಿಂಡಿ ತಿಂದ್ರೆ ಯಾರಿಗಾದ್ರೂ ಉರಿಯುತ್ತೆ ಸ್ವಾಮಿ. ಮಾತ್ರೆ ಬಿಟ್ಟ ದಿನಾನೂ ನೀವು ಚೆನ್ನಾಗೇ ಇದ್ರಿ" ಎಂದರು ಡಾಕ್ಟರು.

"ಹಾಗಾದ್ರೆ ಆ ಮಾತ್ರೆಗಳೆಲ್ಲ ಏನಾದ್ವು?"

"ನಾನು ನುಂಗಿದೆ!" ಹೆಂಡತಿ ಸಿಡಿದಳು. "ಒಂದು ವಾರದಿಂದ ನನಗೇ ಎದೆಯುರಿ. ಹೇಳೋಣ ಅಂದ್ರೆ, ಇವರು ತಲೆ ಎತ್ತಿದ್ರೆ ತಾನೆ? ಮೊಸರಿನ ಪಾತ್ರೆ ಒಳಗೇ ಇರ್ತಾರೆ!"

ನನಗೆ ನಾಚಿಕೆಯಾಯಿತು. ಇಷ್ಟೆಲ್ಲ ಮೂಸಿದವನು ಅವಳ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

"ಉರಿ ಯಾವಾಗ ಜಾಸ್ತಿ ಅಮ್ಮ? ಖಾರ ತಿಂದಾಗಲಾ? ಕಾಫಿ ಕುಡಿದಾಗಲಾ?" ಡಾಕ್ಟರು ಅವಳನ್ನು ಕೇಳಿದರು.

"ಇವರು ಆಫೀಸಿಂದ ಬಂದಾಗ."

ಡಾಕ್ಟರು ನನ್ನ ಕಡೆ ತಿರುಗಿಯೂ ನೋಡದೆ ಚೀಟಿ ಬರೆಯತೊಡಗಿದರು.

"ಈ ಮಾತ್ರೆ ಉರಿ ಶುರುವಾಗೋ ಅರ್ಧ ಗಂಟೆ ಮುಂಚೆ ತಗೋಬೇಕಮ್ಮ. ಹೇಳಿ, ನಿಮ್ಮನೆಯವ್ರು ಎಷ್ಟು ಹೊತ್ತಿಗೆ ಬರ್ತಾರೆ?"