ಗಜಾಯದ ಎರಡು ಗೇಣು

ಟೇಪು ಹಿಡಿದ ಮನುಷ್ಯನನ್ನು ಕಂಡರೆ ನನಗೆ ಭಯ. ಪೊಲೀಸರನ್ನು ಕಂಡರೂ ಇಷ್ಟು ಭಯವಿಲ್ಲ. ಸಿಂಧನೂರಿನ ಮಕ್ಕಳಿಗೆ ವರ್ಷಗಟ್ಟಲೆ ಕ್ಷೇತ್ರಫಲ ಕಲಿಸಿದ ಗಣಿತದ ಮೇಷ್ಟ್ರು ಅಳತೆಗೆ ಹೆದರುತ್ತಾನೆಂದರೆ ನೀವು ನಗುತ್ತೀರಿ. ನಗಿ. ನಿಮ್ಮ ಮನೆಯನ್ನೂ ಒಮ್ಮೆ ಅಳೆಸಿ ನೋಡಿ, ಆಮೇಲೆ ಮಾತಾಡೋಣ.

ನಮ್ಮ ಕಡೆ ಮನೆಯ ನಕಾಶೆಯನ್ನು ಒಬ್ಬ ಬರೆಯುತ್ತಾನೆ, ಆಯವನ್ನು ಇನ್ನೊಬ್ಬ ಹೇಳುತ್ತಾನೆ. ಉದ್ದ ಅಗಲ ಗುಣಿಸಿ, ಭಾಗಿಸಿ, ಉಳಿದ ಶೇಷದಲ್ಲಿ ಮನೆಯವರ ಭಾಗ್ಯ ನೋಡುವ ಲೆಕ್ಕವೇ ಆಯ. ಗಜಾಯ ಬಂದರೆ ಆನೆಯಂಥ ಬಾಳು, ಕಾಕಾಯ ಬಂದರೆ ಕಾಗೆಯ ಪಾಡು. ಪಾಯ ಹಾಕುವ ದಿನ ಮೇಸ್ತ್ರಿ ಹನುಮಂತಪ್ಪ, "ಸರ್, ನಕಾಶಿ ಪ್ರಕಾರ ಕಟ್ಟಿದ್ರ ಕಾಕಾಯ ಬರತೈತ್ರಿ. ಪಕ್ಕಕ್ಕ ಎರಡು ಗೇಣು ಸರಿದ್ರ ಗಜಾಯ" ಎಂದ. ನನ್ನ ಹೆಂಡತಿ ಗಿರಿಜಾ ಕೂಡಲೇ, "ಕಾಗಿ ಮನ್ಯಾಗ ನಾ ಇರಂಗಿಲ್ಲ" ಎಂದು ತೀರ್ಪು ಕೊಟ್ಟಳು. ನಿಯಮದಂತೆ ಪಕ್ಕದಲ್ಲಿ ಖಾಲಿ ಬಿಡಬೇಕಿದ್ದ ಮೂರಡಿಯಲ್ಲಿ ಒಂದೂವರೆ ಅಡಿ ನಮ್ಮ ಅಡುಗೆಮನೆಯೊಳಗೆ ಬಂತು. ಶೇಷವನ್ನು ಭಾಗ್ಯವೆಂದು ನಂಬಿದ ಗಣಿತದ ಮೇಷ್ಟ್ರು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

ಪಕ್ಕದ ಸೈಟು ರೊಟ್ಟಿ ಮಾಡಿ ಮಾರುವ ಶಾಂತಮ್ಮನದು. ಜವಳಗೇರಾದಿಂದ ಬಂದು ಬಾಡಿಗೆ ಕೋಣೆಗಳಲ್ಲೇ ಆಯುಷ್ಯ ಸವೆಸಿದ ಹೆಂಗಸು. ತಂಗಿಯ ಜೊತೆ ಸೇರಿ ಖರೀದಿಸಿ ಅರ್ಧ ಮಾಡಿಕೊಂಡದ್ದರಿಂದ ಅವಳ ಪಾಲಿಗೆ ಬಂದದ್ದು ಹದಿನೈದು ಅಡಿ ಅಗಲ. ಎರಡೂ ಪಕ್ಕ ಮೂರು ಮೂರು ಅಡಿ ಬಿಟ್ಟರೆ ಉಳಿಯುವುದು ಒಂಬತ್ತೇ ಅಡಿ. ಗೋಡೆಯ ದಪ್ಪ ಕಳೆದರೆ ಅದರೊಳಗೆ ಮನೆಯಲ್ಲ, ಓಣಿ ಆಗುತ್ತದೆ. ಈಗ ಬಡವರಿಗೂ ಮನೆ ಆಗಲೆಂದು ನಿಯಮ ಬದಲಿಸುತ್ತಾರಂತೆ, ಸಣ್ಣ ಸೈಟಿಗೆ ಪಕ್ಕದಲ್ಲಿ ಒಂದೂವರೆ ಅಡಿ ಬಿಟ್ಟರೂ ಸಾಕಂತೆ, ತಕರಾರಿದ್ದವರು ನಗರಸಭೆಗೆ ತಿಳಿಸಬೇಕಂತೆ.

ತಕರಾರು ನನಗಿತ್ತು. ಅವಳ ಗೋಡೆ ಅಷ್ಟು ಹತ್ತಿರ ಎದ್ದರೆ ನಮ್ಮ ಅಡುಗೆಮನೆಗೆ ಕತ್ತಲೆ. ಆದರೆ ಅರ್ಜಿಯಲ್ಲಿ ಬರೆದದ್ದು "ಬಡಾವಣೆಯ ಗಾಳಿ, ಬೆಳಕು ಮತ್ತು ಶಿಸ್ತಿನ ಹಿತದೃಷ್ಟಿಯಿಂದ" ಎಂದು. ಶಿಸ್ತು ಎಂಬ ಪದದ ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಕಚೇರಿಯ ಗುಮಾಸ್ತ ಸಭ್ಯ ಮನುಷ್ಯ. "ಇದಕ್ಕ ನಿಮ್ಮ ಮನಿ ನಕಾಶಿ ಹಚ್ಚಿ ಕೊಡ್ರಿ ಸರ್. ನಮ್ಮೋರು ಬಂದು ಅಳತಿ ತಗೋತಾರ" ಎಂದ.

"ಆಕಿ ಸೈಟಿಂದು ಹೌದಲ್ರಿ?"

"ನಿಮ್ಮದೂ ರೀ. ನಡುವಿನ ಜಾಗ ಅಂದ್ರ ಎರಡೂ ಕಡೆ ನೋಡಬೇಕಲ್ರಿ."

ನಕಾಶೆ ತರುವ ನೆಪ ಹೇಳಿ ಅರ್ಜಿ ಕಸಿದುಕೊಂಡು ಬಂದೆ. ಆ ವಾರವಿಡೀ ಹೆಗಲಿಗೆ ಚೀಲ ಹಾಕಿಕೊಂಡವರೆಲ್ಲ ನನ್ನ ಮನೆ ಅಳೆಯಲು ಬಂದವರಂತೆ ಕಂಡರು. ಕರೆಂಟ್ ಬಿಲ್ಲಿನವನು ಗೇಟು ತೆಗೆದಾಗ ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಂಡೆ. ಅಡುಗೆಮನೆ ಒಡೆಸಿದರೆ ಏನು ಮಾಡುವುದೆಂದು ಕೇಳಿದ್ದಕ್ಕೆ ಗಿರಿಜಾ, "ಸುಮ್ಮನ ಕುಂದ್ರದು ಬಿಟ್ಟು ಶಾಂತಮ್ಮನ ಮ್ಯಾಲ ಬರಿಯಾಕ ಹೋದ್ರಲ್ಲ, ಉಣ್ರಿ ಈಗ" ಎಂದಳು.

ಕೊನೆಗೆ ಹೊಸ ಅರ್ಜಿ ಬರೆದೆ. ನಿಯಮ ಬದಲಾವಣೆಯನ್ನು ಮನಸಾರೆ ಸ್ವಾಗತಿಸಿದೆ. ಬಡವರ ಸೂರಿನ ಬಗ್ಗೆ ಒಂದು ಪುಟ ಬರೆದು, ಕಡೆಯಲ್ಲಿ ಸಣ್ಣ ಅಕ್ಷರದಲ್ಲಿ "ಈ ರಿಯಾಯಿತಿಯನ್ನು ಹಳೆಯ ಮನೆಗಳಿಗೂ ಕೊಡಬೇಕು" ಎಂದು ಸೇರಿಸಿದೆ. ನಿಯಮ ಬಂತು. ಹಳೆಯ ಮನೆಗಳ ಮಾತು ಅದರಲ್ಲಿರಲಿಲ್ಲ.

ಶಾಂತಮ್ಮ ಒಂದು ಕಟ್ಟು ಖಡಕ್ ರೊಟ್ಟಿ ತಂದಿಟ್ಟು, "ಸರ್, ನನ್ನ ಸಲುವಾಗಿ ಅರ್ಜಿ ಕೊಟ್ಟಿದ್ರಂತ. ನೀವು ಪಕ್ಕದಾಗ ಇರೋದು ನನ್ನ ಪುಣ್ಯ ರೀ" ಎಂದಾಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ರೊಟ್ಟಿ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಪಾಯಕ್ಕೆ ಅವಳು ಕರೆಸಿದ್ದು ಅದೇ ಹನುಮಂತಪ್ಪನನ್ನು. ಅವನು ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟು ನಮ್ಮ ಗೋಡೆಗೆ ಒತ್ತಿ ಹಿಡಿಯಲು ಹೇಳಿದ. ಅಳೆದ, ಸಿಮೆಂಟ್ ಚೀಲದ ಮೇಲೆ ಲೆಕ್ಕ ಬರೆದ, ತಲೆಯಾಡಿಸಿದ.

"ಕಾಕಾಯ ಬರಾಕತ್ತೈತ್ರಿ. ಸರ್ ಕಡಿಗೆ ಬಿಡಬೇಕಾದ ಒಂದೂವರೆ ಅಡಿಯಾಗ ಒಂದು ಗೇಣು ಸರಿದ್ರ ಗಜಾಯ ಕೂಡತೈತಿ."

ಶಾಂತಮ್ಮ ನನ್ನ ಮುಖ ನೋಡಿದಳು. "ನೀವು ಲೆಕ್ಕದ ಮಾಸ್ತರು. ನೀವ ಹೇಳ್ರಿ."

ಕಿಟಕಿಯಲ್ಲಿ ಗಿರಿಜಾ ನಿಂತಿದ್ದಳು. ಹಿಂದೆ ಅವಳ ಗಜಾಯದ ಅಡುಗೆಮನೆ.

"ಸರೀರಿ" ಎಂದೆ. ಇನ್ನು ಟೇಪಿನವರು ಬಂದರೆ ಹೆದರಲು ನಾವಿಬ್ಬರಿದ್ದೇವೆ.