ಬಾಯಿ ಬಿಡದ ಮೀನು

ವೀರಕುಮಾರ ಮೀನು ಸಾಕಿದ್ದು ಆಸೆಯಿಂದಲ್ಲ, ದಾಕ್ಷಿಣ್ಯದಿಂದ. ಅವನು ಸಾಗರ ಪೇಟೆಯ ಸೊಸೈಟಿಯೊಂದರಲ್ಲಿ ಗುಮಾಸ್ತ. ಮೀನುಗಾರಿಕೆ ಇಲಾಖೆಯ ಹೂವಯ್ಯ ಅವನ ಗೆಳೆಯ. ಕೆರೆಗೆ ಬಿಡಲು ತರಿಸಿದ ಆಫ್ರಿಕಾದ ತಿಲಾಪಿಯಾ ಮೀನುಗಳಲ್ಲಿ ಒಂದು ಜೋಡಿ ಹೂವಯ್ಯನ ಕೊಡದಲ್ಲಿ ಉಳಿದಿತ್ತು.

"ನೀನು ತಗೊಂಡ್ರೆ ಬದುಕ್ತಾವೆ ಮಾರಾಯ. ಇಲ್ದಿದ್ರೆ ಇವತ್ತು ನಮ್ಮನೆ ಸಾರಿಗೆ" ಎಂದ ಹೂವಯ್ಯ.

ಜೈನರ ಮನೆಯ ಹುಡುಗನಿಗೆ ಇದಕ್ಕಿಂತ ಗಟ್ಟಿ ಉರುಳು ಹಾಕುವುದು ಸಾಧ್ಯವಿರಲಿಲ್ಲ. ವೀರಕುಮಾರ ಕೊಡ ಹೊತ್ತು ಮನೆಗೆ ಬಂದ. ಗಂಧದ ಕೆತ್ತನೆಯ ಗುಡಿಗಾರರೊಬ್ಬರು ವಿಗ್ರಹ ಇಡಲೆಂದು ಮಾಡಿದ್ದ ಗಾಜಿನ ಪೆಟ್ಟಿಗೆಯೊಂದನ್ನು ಕೊಂಡು, ಸಂದಿಗೆಲ್ಲ ಪುಟ್ಟಿ ಮೆತ್ತಿ, ನೀರು ತುಂಬಿ ಜಗಲಿಯಲ್ಲಿಟ್ಟ. ಒಂದು ಮೂಲೆ ಮಾತ್ರ ಎಷ್ಟು ಮೆತ್ತಿದರೂ ಅಳುವುದನ್ನು ನಿಲ್ಲಿಸಲಿಲ್ಲ. ಅದರ ಕೆಳಗೆ ಒಂದು ಬೋಗುಣಿ ಕೂತಿತು.

ತಾಯಿ ಜ್ವಾಲಾಮಾಲಿನಿಯಮ್ಮ ಮೊದಲು ಮೂಗು ಮುಚ್ಚಿಕೊಂಡರು. ಆಮೇಲೆ, ಮನೆಗೆ ಬಂದ ಜೀವ ಮನೆಯ ರೀತಿಯಂತೆಯೇ ಬಾಳಬೇಕೆಂದು ತೀರ್ಮಾನಿಸಿದರು. ಮೀನಿಗೆ ಬಟ್ಟೆಯಲ್ಲಿ ಸೋಸಿದ ನೀರು. ಎರೆಹುಳ ಗಿರೆಹುಳ ಇಲ್ಲ, ಅವಲಕ್ಕಿ, ತೌಡು. ಸೂರ್ಯ ಮುಳುಗಿದ ಮೇಲೆ ಮೀನಿಗೂ ಊಟವಿಲ್ಲ.

ಗಂಡು ಕಪ್ಪಗಿತ್ತು. ಇಡೀ ದಿನ ಮರಳು ಬಗೆದು ಗುಂಡಿ ಮಾಡುತ್ತಿತ್ತು, ಅಣೆಕಟ್ಟಿನ ಕಂಟ್ರಾಕ್ಟರನ ಹಾಗೆ. ಕೆಲಸ ಮುಗಿಸುವ ಉದ್ದೇಶ ಕಾಣುತ್ತಿರಲಿಲ್ಲ. ಹೆಣ್ಣು ಬೂದುಬಣ್ಣದ್ದು, ಸಾಧು. ಒಂದು ದಿನ ಅದು ತಿನ್ನುವುದನ್ನು ಬಿಟ್ಟಿತು. ಗಲ್ಲ ಊದಿಕೊಂಡಿತು. ಅವಲಕ್ಕಿ ಮೂಗಿನ ಮುಂದೆ ತೇಲಿ ಹೋದರೂ ತುಟಿ ಬಿಚ್ಚಲಿಲ್ಲ.

"ಕೆನ್ನೆ ಬಾವು ಬಂದಿದೆ. ಅರಿಶಿನ ಸುಣ್ಣ ಹಚ್ಚಿ" ಎಂದರು ಪಕ್ಕದ ಮನೆಯ ಬಂಗಾರಮ್ಮ.

"ನೀರಲ್ಲಿರೋದಕ್ಕೆ ಹೆಂಗೆ ಹಚ್ಚೋದು?" ಎಂದ ವೀರಕುಮಾರ.

"ಅದೆಲ್ಲ ನಂಗೊತ್ತಿಲ್ಲ. ಔಷಧಿ ಹೇಳೋದಷ್ಟೇ ನನ್ನ ಕೆಲಸ."

ವಾರ ಕಳೆದರೂ ಮೀನು ತಿನ್ನಲೂ ಇಲ್ಲ, ಸಾಯಲೂ ಇಲ್ಲ. ಆಗ ಜ್ವಾಲಾಮಾಲಿನಿಯಮ್ಮನಿಗೆ ಬೆಳಕು ಹೊಳೆಯಿತು. "ಇದು ಕಾಯಿಲೆ ಅಲ್ಲ ಕಣೋ. ಉಪವಾಸ ಹಿಡಿದಿದೆ. ಈ ಮನೆ ನೀರಿನ ಗುಣ!" ಬಂಗಾರಮ್ಮ ಸುದ್ದಿಯನ್ನು ಬೀದಿಗೆ ಹಂಚಿದರು. ಜನ ಬಂದು ನೋಡಿದರು. ಯಾರೋ ಪೆಟ್ಟಿಗೆಯ ಮೇಲೆ ಎರಡು ದಾಸವಾಳ ಇಟ್ಟು ಹೋದರು.

ಹೀಗಿರುವಾಗ ಹೊಸನಗರದಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ದಿನ ಬಂತು.

ವೀರಕುಮಾರನಿಗೆ ಮೂವತ್ತೊಂದು. ಈವರೆಗೆ ಬಂದ ಸಂಬಂಧಗಳೆಲ್ಲ ಕಾಫಿ ಕುಡಿದು, ಆಮೇಲೆ ಹೇಳಿ ಕಳಿಸುತ್ತೇವೆ ಎಂದು ಹೋಗಿದ್ದವು. ಯಾರೂ ಹೇಳಿ ಕಳಿಸಿರಲಿಲ್ಲ. ಅವನಿಗೂ ಅದರಿಂದ ಅಂಥ ನೋವಾಗಿರಲಿಲ್ಲ. ಆದರೆ ಈ ಹುಡುಗಿ ಬೇರೆ. ಹೋದ ತಿಂಗಳು ಹೊಸನಗರದಲ್ಲಿ ಇವನು ನೋಡಲು ಹೋದಾಗ ಅವಳು ತಲೆಯೆತ್ತಿ, "ನೀವು ಪುಸ್ತಕ ಓದ್ತೀರಾ?" ಎಂದು ಕೇಳಿದ್ದಳು. ಅವನು ಬಾಯಿ ತೆರೆಯುವುದರೊಳಗೆ ತಾಯಿ, "ಓದ್ತಿದ್ದ. ಕಣ್ಣು ಹಾಳಾಗುತ್ತೆ ಅಂತ ನಾನೇ ಬಿಡಿಸಿದೆ" ಎಂದಿದ್ದರು. ಹುಡುಗಿ ನಕ್ಕಿದ್ದಳು. ಆ ನಗುವನ್ನು ಅವನು ಸೊಸೈಟಿಯಲ್ಲಿ ಕೂತು ದಿನವೂ ನೆನೆಯುತ್ತಿದ್ದ.

ಬಂದವರು ಇಬ್ಬರು: ಹುಡುಗಿಯ ಸೋದರಮಾವ ಆದಿರಾಜ ಮತ್ತು ಅಜ್ಜಿ ಜಿನಮತಿ. ಆದಿರಾಜನದು ಮಾತು, ಅಜ್ಜಿಯದು ತೀರ್ಪು. ಅಜ್ಜಿ ಹ್ಞೂಂ ಎಂದರೆ ಮದುವೆ, ಊಹ್ಞೂಂ ಎಂದರೆ ಬಸ್ಸು.

ಅಜ್ಜಿ ಜಗಲಿಯಲ್ಲಿ ಮೀನಿನ ಪೆಟ್ಟಿಗೆಯ ಎದುರಿಗೇ ಕೂತರು.

"ಕೆಲಸ ಹೆಂಗಿದೆ ನಿಂದು?" ಎಂದು ವೀರಕುಮಾರನನ್ನು ಕೇಳಿದ ಆದಿರಾಜ.

"ಚೆನ್ನಾಗಿದೆ. ಫ್ಯಾನಿನ ಕೆಳಗೆ ಮಾತ್ರ ಕೂರಬೇಡ ಅಂದಿದೀನಿ" ಎಂದರು ಜ್ವಾಲಾಮಾಲಿನಿಯಮ್ಮ. ಏಪ್ರಿಲ್ಲಿನ ಬಿಸಿಲಿನಲ್ಲಿಯೂ ಮಗನ ಕೊರಳಿಗೆ ಒಂದು ಮಫ್ಲರು ಸುತ್ತಿದ್ದರು.

"ತಿಂಡಿ ಏನು ಇಷ್ಟ?"

"ದೋಸೆ. ಆದ್ರೆ ನಾನು ಮುರಿದು ಕೊಡಬೇಕು."

ವೀರಕುಮಾರ ತೆರೆದ ಬಾಯಿ ಮುಚ್ಚಿದ. ಅಜ್ಜಿ ಒಮ್ಮೆ ಅವನನ್ನು ನೋಡಿದರು, ಮತ್ತೆ ಮೀನನ್ನು ನೋಡಿದರು.

"ನೋಡಿ ಅಮ್ಮಾ, ನಮ್ಮನೆ ಮೀನು. ಎಷ್ಟೋ ದಿನದಿಂದ ಉಪವಾಸ" ಎಂದರು ಜ್ವಾಲಾಮಾಲಿನಿಯಮ್ಮ.

"ಮನುಷ್ಯರ ಕೈಲಾಗಲ್ಲ" ಎಂದು ಬೇಲಿಯಾಚೆಯಿಂದಲೇ ಸಾಕ್ಷಿ ಹೇಳಿದ ಬಂಗಾರಮ್ಮ, ಜಗಲಿಗೂ ಬಂದರು.

ಆದಿರಾಜ ಕೈಮುಗಿಯಲೋ ಬೇಡವೋ ಎಂದು ಯೋಚಿಸುತ್ತ ಗಾಜಿನ ಹತ್ತಿರ ಬಗ್ಗಿದ. ಅದೇ ಗಳಿಗೆಯಲ್ಲಿ ಮೀನು ಬಾಯಿ ತೆರೆಯಿತು. ಒಳಗಿನಿಂದ ಸಾಸಿವೆ ಚೆಲ್ಲಿದ ಹಾಗೆ ಮರಿಗಳು ಹೊರಬಿದ್ದವು. ಒಂದೊಂದಕ್ಕೂ ಎರಡೆರಡು ಕಣ್ಣು, ಒಂದು ಬಾಲ.

"ಮರಿ! ಅಯ್ಯೋ, ಬಾಯಿಂದ ಮರಿ ಹಾಕ್ತು!" ಬಂಗಾರಮ್ಮ ಚಪ್ಪಾಳೆ ತಟ್ಟಿ ಗಾಜಿಗೆ ಮುಖ ಒತ್ತಿದರು.

ಮೀನು ಬೆದರಿತು. ಮರಿಗಳೆಲ್ಲ ಅದರ ಬಾಯಿಯತ್ತ ನುಗ್ಗಿದವು. ಬಾಯಿ ಮುಚ್ಚಿತು. ನೀರಿನಲ್ಲಿ ಒಂದು ಮರಿಯೂ ಉಳಿಯಲಿಲ್ಲ.

ಬೋಗುಣಿಗೆ ಒಂದು ಹನಿ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

"ತಿಂತು" ಎಂದ ಆದಿರಾಜ. "ಹೆತ್ತ ಮಕ್ಕಳನ್ನೇ ತಿಂತು! ಇದೇನಾ ನಿಮ್ಮನೆ ಉಪವಾಸ?"

"ಇದಕ್ಕೇ ಹೊಟ್ಟೆ ಖಾಲಿ ಇಟ್ಕೊಂಡಿತ್ತು ಅಂತ ನಂಗೆ ಮೊದಲೇ ಅನುಮಾನ" ಎಂದರು ಬಂಗಾರಮ್ಮ.

"ಇಂಥ ರಾಕ್ಷಸಿಯನ್ನ ಜಗಲೀಲಿ ಇಟ್ಟು ಪೂಜೆ ಮಾಡ್ತೀರಲ್ಲ! ಹೇಳಯ್ಯಾ, ಯಾಕೆ ತಂದೆ ಇದನ್ನ?" ಆದಿರಾಜ ವೀರಕುಮಾರನ ಕಡೆ ಬೆರಳು ಮಾಡಿದ.

ಬೆರಳು ಎದ್ದದ್ದೇ ತಡ, ಜ್ವಾಲಾಮಾಲಿನಿಯಮ್ಮ ಮಗನ ರಟ್ಟೆ ಹಿಡಿದು, "ಬಾ ಒಳಗೆ" ಎಂದು ಕೋಣೆಗೆ ದೂಡಿ ಬಾಗಿಲೆಳೆದರು. ವೀರಕುಮಾರ ಉಪ್ಪಿನಕಾಯಿ ಜಾಡಿಗಳ ನಡುವೆ ಕತ್ತಲಲ್ಲಿ ನಿಂತ. ಅದು ಅವನಿಗೆ ಹೊಸ ಜಾಗವಲ್ಲ.

ಹೊರಗೆ ಮಾತು ತಣ್ಣಗಾದಾಗ ಬಾಗಿಲು ತೆರೆಯಿತು. ಅವನು ಬಂದು ನಿಂತ. "ಅದು ಹೂವಯ್ಯ ಸಾರಿಗೆ..." ಎಂದು ಶುರು ಮಾಡಿದ.

"ಸಾರಿಗೆ?" ಎಂದು ಆದಿರಾಜ ನೆಗೆದು ಎದ್ದ.

ವೀರಕುಮಾರ ಮತ್ತೆ ಜಾಡಿಗಳ ನಡುವೆ ಇದ್ದ.

ಇಷ್ಟು ಹೊತ್ತೂ ಕೂತಲ್ಲಿಂದ ಕದಲದಿದ್ದವರು ಜಿನಮತಿ ಅಜ್ಜಿ ಒಬ್ಬರೇ. ಅವರು ಕೈಯೆತ್ತಿದರು. ಎಲ್ಲರೂ ಸುಮ್ಮನಾದರು. ಕೋಣೆಯ ಬಾಗಿಲೂ ತೆರೆಯಿತು.

"ಉಸಿರೆತ್ತಬೇಡಿ. ನೋಡಿ."

ಮೀನು ಬಾಯಿ ತೆರೆಯಿತು. ಮರಿಗಳು ಹೊರಗೆ ಬಂದು ಹರಡಿದವು. ಅಜ್ಜಿ ಗಾಜನ್ನು ಉಗುರಿನಿಂದ ಟಕ್ಕೆಂದು ಬಡಿದರು. ಮರಿಗಳು ಒಳಗೆ ಹೋದವು. ಅಜ್ಜಿ ಸುಮ್ಮನೆ ಕೂತರು. ಮತ್ತೆ ಬಂದವು.

"ತಿಂದಿಲ್ಲ ಕಣೋ ಆದಿರಾಜ. ಭಯ ಆದ್ರೆ ಬಾಯಲ್ಲಿ ಬಚ್ಚಿಡುತ್ತೆ. ಇಷ್ಟು ದಿನ ಊಟ ಬಿಟ್ಟಿದ್ದೂ ಅದಕ್ಕೇ. ಬಾಯಲ್ಲಿ ಮಕ್ಕಳನ್ನ ಇಟ್ಕೊಂಡು ಯಾವ ತಾಯಿ ನುಂಗ್ತಾಳೆ?"

ಜ್ವಾಲಾಮಾಲಿನಿಯಮ್ಮನ ಕಣ್ಣು ತುಂಬಿ ಬಂತು. "ತಾಯಿ ಅಂದ್ರೆ ಹಿಂಗಿರ್ಬೇಕು!" ಎಂದರು. ಬಂಗಾರಮ್ಮ, ತನಗೆ ಇದೂ ಮೊದಲೇ ಗೊತ್ತಿತ್ತು ಎಂದರು. ಆದಿರಾಜ ಕೊನೆಗೂ ಕೈಮುಗಿದ. ವೀರಕುಮಾರನ ಎದೆಯಿಂದ ಒಂದು ಹೊರೆ ಇಳಿಯಿತು. ಹೊಸನಗರದ ನಗು ಹತ್ತಿರ ಬಂದ ಹಾಗಾಯಿತು.

"ಮರಿ ಹೊರಗೆ ಬಂದಿದ್ದು ಇವತ್ತೇ ಮೊದಲಾ?" ಎಂದು ಅಜ್ಜಿ ಕೇಳಿದರು.

"ಹೌದು ಅಮ್ಮಾ, ಇವತ್ತೇ" ಎಂದರು ಜ್ವಾಲಾಮಾಲಿನಿಯಮ್ಮ.

"ನಿಮ್ಮ ಹುಡುಗನಿಗೆ ಎಷ್ಟು ವಯಸ್ಸು?"

"ಮೂವತ್ತೊಂದು" ಎಂದರು ಜ್ವಾಲಾಮಾಲಿನಿಯಮ್ಮ, ಮಗನ ಮಫ್ಲರು ಸರಿಮಾಡುತ್ತ.

ಅಜ್ಜಿ ಎದ್ದು ಸೆರಗು ಕೊಡವಿಕೊಂಡರು. "ಆದಿರಾಜ, ಬಸ್ಸಿಗೆ ಹೊತ್ತಾಯ್ತು." ಮೆಟ್ಟಿಲಿಳಿದು ಒಮ್ಮೆ ತಿರುಗಿದರು. "ನಮ್ಮ ಹುಡುಗಿಗೆ ನೀರಲ್ಲಿ ಈಜೋ ಗಂಡು ಸಾಕು ತಾಯಿ. ನಿಮ್ಮವನನ್ನ ಬಾಯಿಂದ ಬಿಟ್ಟ ದಿನ ಹೇಳಿ ಕಳಿಸಿ."

"ಎಂತ ಅಂದ್ರು ಅವರು?" ಎಂದು ಜ್ವಾಲಾಮಾಲಿನಿಯಮ್ಮ ಬಂಗಾರಮ್ಮನನ್ನು ಕೇಳಿದರು. "ಹೋಗ್ಲಿ ಬಿಡು. ವೀರಾ, ಬಿಸಿಲಲ್ಲಿ ನಿಲ್ಲಬೇಡ, ಹಾಲು ತರ್ತೀನಿ."

ಅವರು ಒಳಗೆ ಹೋದರು. ವೀರಕುಮಾರ ಮೀನಿನ ಮುಂದೆ ನಿಂತ. ಒಂದು ಮರಿ, ಎಲ್ಲಕ್ಕಿಂತ ಸಣ್ಣದು, ಉಳಿದವುಗಳನ್ನು ಬಿಟ್ಟು ಪೆಟ್ಟಿಗೆಯ ಆ ತುದಿಯವರೆಗೂ ಹೋಗಿತ್ತು. ಏನೂ ಆಗಿರಲಿಲ್ಲ. ಅವನು ಮಫ್ಲರು ಬಿಚ್ಚಿ ಗೂಟಕ್ಕೆ ಹಾಕಿದ. ಚಪ್ಪಲಿ ಮೆಟ್ಟಿದ. ಯಾರಿಗೂ ಹೇಳದೆ ಬೀದಿಗಿಳಿದು ಓಡಿದ.

ಹೊಸನಗರದ ಬಸ್ಸು ಹೊರಡುವ ಮುನ್ನಿನ ಗುಡುಗು ಶುರುಮಾಡಿತ್ತು. ಅವನು ಹತ್ತಿ ಅಜ್ಜಿಯ ಸೀಟಿನ ಮುಂದೆ ಏದುಸಿರು ಬಿಡುತ್ತ ನಿಂತ.

"ಅಜ್ಜೀ, ನಾನು ಪುಸ್ತಕ ಓದ್ತೀನಿ. ಸೊಸೈಟೀಲಿ, ಕದ್ದು. ದೋಸೆ ನಾನೇ ಮುರ್ಕೊಳ್ತೀನಿ."

ಅಜ್ಜಿ ಅವನ ಕೊರಳು ನೋಡಿದರು. "ಮಫ್ಲರ್ ಎಲ್ಲಿ?"

"ಮನೇಲಿ."

"ಅಮ್ಮನಿಗೆ ಹೇಳಿ ಬಂದ್ಯಾ?"

"ಇಲ್ಲ."

ಜಿನಮತಿ ಅಜ್ಜಿ ಆ ದಿನ ಮೊದಲ ಬಾರಿಗೆ ನಕ್ಕರು. ಮೊಮ್ಮಗಳ ನಗು ಎಲ್ಲಿಂದ ಬಂದದ್ದೆಂದು ವೀರಕುಮಾರನಿಗೆ ತಿಳಿಯಿತು. "ಹಂಗಾದ್ರೆ ಕೂತ್ಕೋ. ಇದನ್ನೆಲ್ಲ ಅವಳ ಹತ್ರಾನೇ ಹೇಳು. ಆದಿರಾಜ, ಸರಿ ಆಚೆ."

ಬಸ್ಸು ಹೊರಟಿತು. ಹತ್ತು ಮಾರು ಹೋಗುವುದರೊಳಗೆ ಯಾರೋ ಕೂಗಿ ನಿಲ್ಲಿಸಿ ಹಿಂದಿನಿಂದ ಹತ್ತಿದರು. ಡ್ರೈವರು ಬೈದ. ವೀರಕುಮಾರ ತಿರುಗಿ ನೋಡಲಿಲ್ಲ. ಮೂವತ್ತೊಂದು ವರ್ಷ ಕೂಡಿಟ್ಟ ಮಾತು ಅವನ ಬಾಯಿಂದ ಮರಿಗಳ ಹಾಗೆ ಹೊರಬೀಳುತ್ತಿತ್ತು: ಓದಿದ ಪುಸ್ತಕ, ಮೀನು, ಸೋರುವ ಮೂಲೆ. ಅಜ್ಜಿ ತಲೆದೂಗುತ್ತಿದ್ದರು. ಊರು ದಾಟಿತು. ಕಂಡಕ್ಟರು ಬಂದ.

"ಒಂದು ಹೊಸನಗರ" ಎಂದ ವೀರಕುಮಾರ, ಗಂಭೀರವಾಗಿ.

"ನಿಮ್ಮದಾಯ್ತಲ್ಲ" ಎಂದ ಕಂಡಕ್ಟರು. "ಹಿಂದಿನ ಸೀಟಿನ ಅಮ್ಮ ಎರಡು ತಗೊಂಡಿದಾರೆ."

ಅಜ್ಜಿಯ ನಗು ನಿಂತಿತು.

"ವೀರಾ, ಕಿಟಕಿ ಹತ್ರ ಗಾಳಿ" ಎಂದು ಹಿಂದಿನಿಂದ ದನಿ ಬಂತು. "ಮಫ್ಲರ್ ತಂದಿದೀನಿ. ಇಲ್ಲಿ ಬಾ."

ಆದಿರಾಜ ಕಾಲು ಮಡಚಿ ದಾರಿ ಮಾಡಿಕೊಟ್ಟ. ವೀರಕುಮಾರ ಎದ್ದ.