ಅತ್ತೆ ಕೊಟ್ಟ ಕಲ್ಲುಗಳು

ಈ ಅವಾಂತರಕ್ಕೆಲ್ಲ ಕಾರಣ ಒಂದು 'ಹೂಂ'. ಸರಿಯಾಗಿ ಹೇಳಬೇಕೆಂದರೆ ಎರಡು.

ಹಾಗಂದವನು ತಳಬಂಡೆಯ ನಕ್ಷೆ ಬರೆಯುವ ಭೂವಿಜ್ಞಾನಿ. ಬೇಸಿಗೆಯಿಡೀ ಉತ್ತರದ ಬೋಳುಗುಡ್ಡಗಳಲ್ಲಿ ಸುತ್ತಿಗೆ ಹಿಡಿದು ಅಲೆಯುವುದು, ಮಣ್ಣು ಪಾಚಿಗಳ ಕೆಳಗೆ ಯಾವ ಬಂಡೆ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಎಂದು ಗುರುತು ಹಾಕುವುದು, ಚಳಿಗಾಲ ಬಂತೆಂದರೆ ಮನೆಯಲ್ಲಿ ಕುಳಿತು ಅದನ್ನೇ ನಕ್ಷೆಯ ಮೇಲೆ ಬಣ್ಣಬಣ್ಣವಾಗಿ ತುಂಬುವುದು ಅವನ ಕೆಲಸ. ಬೀದಿಯವರ ಬಾಯಲ್ಲಿ ಅವನು ಕಲ್ಲುಸಾಹೇಬ. ಹದಿನೈದು ದಿನಗಳ ಹಿಂದೆ ಒಂದು ಸಂಜೆ ಆತ ಮೀನಿಗೆ ಹೊಂಚುಹಾಕಿದ ಕೊಕ್ಕರೆಯಂತೆ ನಕ್ಷೆಯ ಮೇಲೆ ಬಾಗಿ ನಿಂತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ಏನೋ ಕೇಳಿದರು. "ಹೂಂ" ಅಂದ. ಅವರು ಇನ್ನೇನೋ ಕೇಳಿದರು. ಅದಕ್ಕೂ "ಹೂಂ" ಅಂದ.

ಏನು ಕೇಳಿದ್ದರೆಂಬುದು ಅವನಿಗೆ ತಿಳಿದದ್ದು ಇವತ್ತು ಬೆಳಿಗ್ಗೆ ಒಂಬತ್ತಕ್ಕೆ.

ಬೇಸಿಗೆಯಲ್ಲಿ ಒಡೆದು, ಬೆನ್ನಮೇಲೆ ಹೊತ್ತು ತಂದಿದ್ದ ಅರವತ್ತು ಕಲ್ಲುಗಳು ಮೂರು ಮರದ ಪೆಟ್ಟಿಗೆಗಳಲ್ಲಿ ಪಡಸಾಲೆಯ ಮೂಲೆಯಲ್ಲಿದ್ದವು. ಪ್ರತಿಯೊಂದರ ಮೇಲೂ ಬಿಳಿ ಬಣ್ಣದ ಒಂದು ಪಟ್ಟಿ, ಅದರ ಮೇಲೆ ಕಪ್ಪಿನಲ್ಲಿ ನಂಬರು. ಸಂಜೆ ನಾಲ್ಕಕ್ಕೆ ಲಾರಿ ಬಂದು ಅವನ್ನು ದೂರದ ಪ್ರಯೋಗಾಲಯಕ್ಕೆ ಒಯ್ಯಬೇಕಿತ್ತು. ಈ ವರ್ಷಕ್ಕೆ ಅದೇ ಕೊನೆಯ ಲಾರಿ. ಆರು ಗಂಟೆಗೆ ಅದು ವಾಹನ ಸಾಗಿಸುವ ದೊಡ್ಡ ದೋಣಿಯಲ್ಲಿ ನೀರು ದಾಟಿತೆಂದರೆ ಮುಗಿಯಿತು, ಮತ್ತೆ ಹಿಮ ಕರಗುವವರೆಗೆ ದಾರಿಯಿಲ್ಲ. ಕಲ್ಲುಸಾಹೇಬ ನಂಬರುಗಳ ಪಟ್ಟಿ ಹಿಡಿದು ಕಲ್ಲುಗಳನ್ನು ಎಣಿಸಿದ. ಐವತ್ತಾರು. ಕೆಳಗಿನಿಂದ ಮೇಲಕ್ಕೆ ಎಣಿಸಿದ. ಆಗಲೂ ಐವತ್ತಾರೇ.

ಇಲ್ಲದಿದ್ದವು ಮೂವತ್ತೊಂದರಿಂದ ಮೂವತ್ತನಾಲ್ಕು. ಬೇರೆ ಯಾವ ನಾಲ್ಕು ಹೋಗಿದ್ದರೂ ಹಾಳಾಗಲಿ ಅಂದುಕೊಳ್ಳುತ್ತಿದ್ದನೇನೋ. ಈ ನಾಲ್ಕು ಮಾತ್ರ ಒಂದು ಕೊಳದ ಪಕ್ಕದ ಕಡಿದಾದ ಬಂಡೆಗೋಡೆಯಿಂದ ಬಂದವು. ಕೆಂಪು ಬಂಡೆಯೂ ಕಪ್ಪು ಬಂಡೆಯೂ ಕೂಡುವ ಜಾಗ ಅದೊಂದೇ. ಅವೆರಡರಲ್ಲಿ ಯಾವುದು ಹಿರಿಯದು ಎಂದು ಇಬ್ಬರು ದೊಡ್ಡ ವಿದ್ವಾಂಸರು ಇಪ್ಪತ್ತು ವರ್ಷ ಜಗಳವಾಡಿ ಈಗ ಮದುವೆ ಮನೆಗಳಲ್ಲೂ ಪರಸ್ಪರ ಮುಖ ನೋಡುತ್ತಿರಲಿಲ್ಲ. ನಕ್ಷೆಯಲ್ಲಿ ಅಂಗೈಯಗಲ ಜಾಗ ಬಣ್ಣವಿಲ್ಲದೆ ಬೆಳ್ಳಗೆ ಉಳಿದಿತ್ತು. ಅದಕ್ಕಾಗಿ ಆಫೀಸಿನ ಮುಖ್ಯಸ್ಥರು ಈ ವಾರದಲ್ಲೇ ಮೂರು ಸಲ ಫೋನು ಮಾಡಿದ್ದರು.

ಅವನು ಪೆಟ್ಟಿಗೆಯೊಳಗೆ ತಲೆ ಹಾಕಿದ್ದಾಗ ಅತ್ತೆ ಚಹಾ ಹಿಡಿದು ಬಂದರು.

"ಏನಾದ್ರೂ ಹುಡುಕ್ತಿದ್ದೀರಾ ಅಳಿಯಂದ್ರೇ?"

ನಾಲ್ಕು ಕಲ್ಲು ಕಾಣಿಸುತ್ತಿಲ್ಲ ಎಂದ.

"ಅದಾ? ನಿಮ್ಮನ್ನ ಕೇಳೇ ತಗೊಂಡೆನಲ್ಲ. ಇಷ್ಟೊಂದಿವೆ, ಪರಿಚಯದವರಿಗೆ ಒಂದೊಂದು ಕೊಡ್ಲಾ ಅಂದೆ. ಹೂಂ ಅಂದ್ರಿ. ನೋಡೋಕೆ ಚೆನ್ನಾಗಿರೋದೇ ತಗೊಳ್ಲಾ ಅಂದೆ. ಅದಕ್ಕೂ ಹೂಂ ಅಂದ್ರಿ. ಕೆಳಮನೆ ಅಜ್ಜ, ಬೇಕರಿ ಅಕ್ಕ, ಹಲ್ಲಿನ ಡಾಕ್ಟ್ರು, ಟೈಲರು, ನಾಲ್ಕೇ ಜನಕ್ಕೆ ಕೊಟ್ಟೆ." ಹೇಳುತ್ತ ಹೇಳುತ್ತ ಅವರ ಮುಖ ಸಣ್ಣಗಾಯಿತು. "ಬೇಕಾಗಿತ್ತಾ?"

"ಇಲ್ಲ ಅತ್ತೆ, ಸುಮ್ನೆ ಕೇಳ್ದೆ" ಎಂದು ಅವನು ಚಹಾವನ್ನು ಒಂದೇ ಗುಟುಕಿಗೆ ಕುಡಿದು ನಾಲಗೆ ಸುಟ್ಟುಕೊಂಡ.

ಮಾವ ತೀರಿಕೊಂಡ ಮೇಲೆ ಅತ್ತೆ ಈ ಊರಿಗೆ ಬಂದು ಎಂಟು ತಿಂಗಳಾಗಿತ್ತು. ಮಗಳು ಆಸ್ಪತ್ರೆಯಲ್ಲಿ ನರ್ಸ್, ಹಗಲು ರಾತ್ರಿ ಪಾಳಿ. ಅಳಿಯ ಗುಡ್ಡದಲ್ಲಿ. ಅತ್ತೆ ಕಿಟಕಿಯ ಪಕ್ಕ ಕುಳಿತು ಬೀದಿ ನೋಡುತ್ತಿದ್ದರು, ಊಟಕ್ಕೆ ಕರೆದರೆ ಬರುತ್ತಿದ್ದರು, ಮಾತಿಗೆ ಕರೆದರೆ ಮುಗುಳ್ನಗುತ್ತಿದ್ದರು. ಈಚೆಗೆ ಸಂಜೆ ಹೊತ್ತು ಶಾಲು ಹೊದ್ದು ಹೊರಗೆ ಹೋಗಿ ಬರುತ್ತಿದ್ದುದನ್ನು ಕಂಡು ಅಳಿಯನಿಗೆ ಸಂತೋಷವಾಗಿತ್ತು. ಯಾಕೆ ಏನು ಎಂದು ಕೇಳುವಷ್ಟು ತಲೆ ನಕ್ಷೆಯಿಂದ ಮೇಲೆದ್ದಿರಲಿಲ್ಲ.

ಹೆಂಡತಿಗೆ ಫೋನು ಮಾಡಿದ. ಅವಳು ಪೂರ್ತಿ ಕೇಳಿಸಿಕೊಂಡು ತಗ್ಗಿದ ದನಿಯಲ್ಲಿ ಹೇಳಿದಳು. "ಕಲ್ಲು ತರ್ತೀರೋ ಬಿಡ್ತೀರೋ ನಿಮಗೆ ಬಿಟ್ಟದ್ದು. ಅಮ್ಮ ಹೊಸ್ತಿಲು ದಾಟೋಕೆ ಶುರು ಮಾಡಿ ಹದಿನೈದು ದಿನ ಆಯ್ತು. ಅವರು ತಪ್ಪು ಮಾಡಿದ್ರು ಅನ್ನೋ ಮಾತು ಯಾರ ಬಾಯಲ್ಲೂ ಬರಕೂಡದು."

ಹಾಗಾಗಿ ಕಲ್ಲುಸಾಹೇಬ ಮೆಟ್ಟಿಲಿಳಿಯುತ್ತ ಒಂದು ಸುಳ್ಳು ಹೊಸೆದ. ಆಫೀಸಿನವರು ಪಟ್ಟಿಯ ಜೊತೆ ನಂಬರು ತಾಳೆ ನೋಡುತ್ತಾರೆ, ನಂಬರು ಸರಿಯಿದ್ದರೆ ಸಾಕು, ಒಂದೆರಡು ತಿಂಗಳಲ್ಲಿ ಕಲ್ಲು ವಾಪಸ್ ಬರುತ್ತದೆ. ಪ್ರಯೋಗಾಲಯದಲ್ಲಿ ಆ ಕಲ್ಲುಗಳನ್ನು ಜಜ್ಜಿ ಹಿಟ್ಟು ಮಾಡುತ್ತಾರೆ ಎಂಬುದನ್ನು ತನಗೆ ತಾನೇ ಹೇಳಿಕೊಳ್ಳಲಿಲ್ಲ.

ಮೊದಲ ಕಲ್ಲು ಕೆಳಮನೆಯ ನಿವೃತ್ತ ರೈಲು ಚಾಲಕರ ಬಳಿ ಇತ್ತು. ಎಲ್ಲರೂ ಅವರನ್ನು ಇಂಜಿನ್ ಅಜ್ಜ ಎನ್ನುತ್ತಿದ್ದರು. ಪಟ್ಟೆಪಟ್ಟೆಯ ಮೂವತ್ತಮೂರನೆಯ ಕಲ್ಲು ರೇಡಿಯೋದ ಮೇಲೆ, ಕಸೂತಿ ಬಟ್ಟೆಯ ಆಸನದಲ್ಲಿ, ಊರಿನ ಅಧ್ಯಕ್ಷರ ಗತ್ತಿನಿಂದ ಕೂತಿತ್ತು.

"ಈ ಗೆರೆಗಳನ್ನ ನೋಡಿ, ಹಳಿಗಳ ಹಾಗೇ ಇವೆ" ಎಂದರು ಅಜ್ಜ. "ನೆಲದ ಕೆಳಗೆ ಇನ್ನೂರು ಕೋಟಿ ವರ್ಷದ ಹಿಂದೆ ಕಾದು ಮೆತ್ತಗಾಗಿ ಹಿಟ್ಟಿನ ಹಾಗೆ ಮಡಿಚಿಕೊಂಡಿದ್ದಂತೆ. ನಿಮ್ಮ ಅತ್ತೆಯವರು ಹೇಳಿದ್ರು."

ಕಲ್ಲುಸಾಹೇಬ ದಂಗಾದ. ಅದು ಅವನೇ ಒಂದು ದಿನ ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದ್ದ ಮಾತು. ಹೆಂಡತಿ ಆಗ ಆಕಳಿಸುತ್ತಿದ್ದಳು. ಅತ್ತೆ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು.

ಅವನು ತನ್ನ ಸುಳ್ಳನ್ನು ಒಪ್ಪಿಸಿದ. ಅಜ್ಜ ಕನ್ನಡಕದ ಮೇಲಿನಿಂದ ನೋಡಿದರು. "ಆಫೀಸಿಗೆ ಹೋದದ್ದು ವಾಪಸ್ ಬಂದಿದ್ದನ್ನ ನಲವತ್ತು ವರ್ಷದ ಸರ್ವೀಸಲ್ಲಿ ನಾನು ಕಂಡಿಲ್ಲ. ಅವರು ನೋಡೋದು ನಂಬರೊಂದನ್ನೇ ತಾನೆ?"

"ನಂಬರೊಂದನ್ನೇ" ಎಂದ ಕಲ್ಲುಸಾಹೇಬ ಖಡಾಖಂಡಿತವಾಗಿ.

ಹಾಗಾದರೆ ನಾಲ್ಕು ಗಂಟೆಗೆ ತಾವೇ ಲಾರಿಯ ಹತ್ತಿರ ತರುವುದಾಗಿ ಅಜ್ಜ ಮಾತು ಕೊಟ್ಟರು.

ಎರಡನೆಯದು ಬೇಕರಿಯ ಅಕ್ಕನದು. ಮೂವತ್ತನಾಲ್ಕನೆಯ ಕಲ್ಲಿನಲ್ಲಿ ಒಣದ್ರಾಕ್ಷಿಯಂತೆ ಕೆಂಪು ಹರಳುಗಳಿದ್ದವು. ಅವಳು ಅದನ್ನು ಬ್ರೆಡ್ಡುಗಳ ನಡುವೆ ಇಟ್ಟು ಮುಂದೆ 'ಮಾರಾಟಕ್ಕಿಲ್ಲ' ಎಂದು ಚೀಟಿ ನಿಲ್ಲಿಸಿದ್ದಳು. ಚೀಟಿ ಇಡುವ ಮುಂಚೆ ಇಬ್ಬರು ಇದಕ್ಕೂ ಸಕ್ಕರೆ ಹಾಕಿದ್ದೀರಾ ಎಂದು ಕೇಳಿದ್ದರಂತೆ. ಕಲ್ಲುಸಾಹೇಬ ನಂಬರಿನ ವಿಷಯ ವಿವರಿಸುವ ಭರದಲ್ಲಿ ಮೊಣಕೈಯನ್ನು ಕೇಕಿನ ಕ್ರೀಮಿನೊಳಗೆ ಊರಿದ. ಅಕ್ಕ ಅವನ ತೋಳನ್ನು ಮಗುವಿನ ಮುಖ ಒರೆಸುವಂತೆ ಒರೆಸಿ, ಸಂಜೆ ತರುತ್ತೇನೆ ಹೋಗಿ ಎಂದಳು.

ಮೂರನೆಯದು ಹಲ್ಲಿನ ಡಾಕ್ಟರ ಬಳಿ. ನುಣುಪಾದ ಕಪ್ಪು ಮೂವತ್ತೆರಡನ್ನು ಅವರು ರೋಗಿಗಳ ಕೈಗೆ ಕೊಡುತ್ತಿದ್ದರು, ಹಲ್ಲು ಕೀಳುವಾಗ ಗಟ್ಟಿಯಾಗಿ ಹಿಡಿದುಕೊಳ್ಳಲಿ ಎಂದು. ಅದು ಬಂದ ಮೇಲೆ ತಮ್ಮ ಕೈ ಕಚ್ಚುವವರು ಕಡಿಮೆಯಾಗಿದ್ದಾರೆ ಎಂಬುದು ಡಾಕ್ಟರ ಅನುಭವ. ಈಗ ಒಬ್ಬ ದಢೂತಿ ಮನುಷ್ಯ ಅದನ್ನು ಎದೆಗವಚಿಕೊಂಡು ಕೂತಿದ್ದ, ಹಲ್ಲು ಕಿತ್ತು ಬರುವ ತನಕ ಕಲ್ಲು ಬಿಡೆನೆಂದು ಹಟ ಹಿಡಿದಿದ್ದ. ಕಾಯಲೆಂದು ಕಲ್ಲುಸಾಹೇಬ ಪಕ್ಕದ ಖಾಲಿ ಕುರ್ಚಿಯಲ್ಲಿ ಕುಳಿತ. ಅದು ಖಾಲಿ ಕುರ್ಚಿಯಾಗಿರಲಿಲ್ಲ, ಮುಂದಿನ ರೋಗಿಯ ಕುರ್ಚಿಯಾಗಿತ್ತು. ತನ್ನ ಸಮಾಚಾರ ಹೇಳಲು ಅವನು ಬಾಯಿ ತೆರೆದ. ತೆರೆದ ಬಾಯಿಯೊಳಗೆ ಡಾಕ್ಟರು ಸೂಜಿ ಹಾಕಿದರು. ಅರ್ಧ ಗಂಟೆಯ ನಂತರ, ಒಂದು ಹುಳುಕು ಹಲ್ಲನ್ನು ಅಲ್ಲಿಯೇ ಬಿಟ್ಟು ಅವನು ಹೊರಬಿದ್ದ. ಹಲ್ಲು ನಿಜವಾಗಿಯೂ ಕೆಟ್ಟಿತ್ತು, ಅದರ ಮಾತು ಬೇರೆ. ನಂಬರಿನ ವಿಷಯವನ್ನು ಕಾಗದದಲ್ಲಿ ಬರೆದು ಕೊಟ್ಟ. ಡಾಕ್ಟರು ನಾಲ್ಕಕ್ಕೆ ಬರುವುದಾಗಿ ತಲೆಯಾಡಿಸಿದರು.

ಸೂಜಿಯಿಂದ ಮರಗಟ್ಟಿ ನಾಲಗೆ ಯಾರದೋ ಎಂಬಂತಾಗಿದ್ದ ಅವನು ನಾಲ್ಕನೆಯದಕ್ಕೆ ಟೈಲರ ಅಂಗಡಿಗೆ ಹೋಗಿ ತನ್ನ ಕಲ್ಲು ಕೇಳಿದ. ಬಾಯಿಂದ ಹೊರಟದ್ದು "ಕಳ್ಳು".

ಟೈಲರು ಮೆಷಿನ್ ನಿಲ್ಲಿಸಿದರು. ಕಲ್ಲುಸಾಹೇಬ ಇನ್ನೂ ಸ್ಪಷ್ಟವಾಗಿ, ಬೆರಳಿನಿಂದ ಗಾತ್ರ ತೋರಿಸಿ, ಅತ್ತೆ ಕೊಟ್ಟ ಕಳ್ಳು ಬೇಕು, ಈಗಲೇ ಬೇಕು ಎಂದ. ಟೈಲರು ಎದ್ದು ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ, ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ನೀರು ಕೊಟ್ಟು, ಅವನ ಮಂಡಿಯ ಮೇಲೆ ಕೈಯಿಟ್ಟರು.

"ಮನೇಲಿ ಏನಾದ್ರೂ ಬೇಜಾರಾ ಸಾರ್? ಮಧ್ಯಾಹ್ನವೇ ಶುರು ಮಾಡೋಷ್ಟು?"

ಕೊನೆಗೆ ಕಲ್ಲುಸಾಹೇಬ ಟೈಲರ ಸೀಮೆಸುಣ್ಣ ಎತ್ತಿಕೊಂಡು ಯಾರದೋ ಕೋಟಿನ ಬಟ್ಟೆಯ ಮೇಲೆ ದೊಡ್ಡದಾಗಿ ಬರೆದ: ಕಲ್ಲು. ನಂಬರ್ ೩೧. ನಂಬರ್ ಮುಖ್ಯ. ಟೈಲರು ಓದಿ, ನಿಟ್ಟುಸಿರು ಬಿಟ್ಟು, ಬಟ್ಟೆ ಹಾರದಂತೆ ಇಟ್ಟಿದ್ದ ಕೆಂಪು ಕಲ್ಲನ್ನು ಒಮ್ಮೆ ಸವರಿದರು. ಅದಕ್ಕೊಂದು ಚೀಲ ಹೊಲಿದು ನಾಲ್ಕಕ್ಕೆ ತರುವುದಾಗಿ ಹೇಳಿದರು.

ಮನೆಗೆ ಬಂದರೆ ಅತ್ತೆ ಅವನ ಊದಿದ ಕೆನ್ನೆ ನೋಡಿ ಕಂಗಾಲಾದರು. ಹಲ್ಲು ನೋವಿದ್ದರೂ ಇಷ್ಟು ದಿನ ಹೇಳಿಕೊಳ್ಳದೆ ನುಂಗಿದಿರಲ್ಲ ಎಂದು ಬೈದು, ಅನ್ನವನ್ನು ಗಂಜಿಯಂತೆ ಬೇಯಿಸಿ ಚಮಚದ ಜೊತೆ ತಂದಿಟ್ಟರು. ಎಂಟು ತಿಂಗಳಲ್ಲಿ ಅವರು ಅವನನ್ನು ಬೈದದ್ದು ಇದೇ ಮೊದಲು. ಬಟ್ಟಲು ಬರಿದಾದ ಮೇಲೂ ಅವನು ಯಾಕೋ ಇನ್ನೊಂದು ಚಮಚ ಕೇಳಿದ. ಹಸಿವಿರಬೇಕು ಅಂದುಕೊಂಡ.

ನಾಲ್ಕಕ್ಕೆ ಲಾರಿ ಬಂತು. ಚಾಲಕ ಇಂಜಿನ್ ಆರಿಸಲೂ ಇಲ್ಲ, ದೋಣಿ ತಪ್ಪಿದರೆ ತನ್ನ ಚಳಿಗಾಲ ಇಲ್ಲೇ ಎಂದು ಹಾರ್ನ್ ಒತ್ತಿದ. ಆಗ ಬೀದಿಯ ತಿರುವಿನಲ್ಲಿ ನಾಲ್ವರೂ ಒಟ್ಟಿಗೆ ಕಾಣಿಸಿಕೊಂಡರು, ಮಗಳನ್ನು ಗಂಡನ ಮನೆಗೆ ಕಳಿಸಲು ಬಂದವರಂತೆ ನಿಧಾನವಾಗಿ. ಇಂಜಿನ್ ಅಜ್ಜ ತಮ್ಮದನ್ನು ಹಳೆಯ ಪೇಪರಿನಲ್ಲಿ ಸುತ್ತಿ, ನಂಬರು ಕಾಣಲು ಒಂದು ಚೌಕ ಕಿಟಕಿ ಕತ್ತರಿಸಿದ್ದರು. ಟೈಲರ ಚೀಲಕ್ಕೂ ಅಂಥದೇ ಕಿಟಕಿ, ಅಂಚು ಹೊಲಿದದ್ದು. ಬೇಕರಿಯ ಅಕ್ಕನದು ಕೇಕಿನ ಡಬ್ಬಿಯಲ್ಲಿ, ಡಾಕ್ಟರದು ಬ್ಯಾಂಡೇಜಿನಲ್ಲಿ. ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು, ಮೂವತ್ತನಾಲ್ಕು. ಕಲ್ಲುಸಾಹೇಬ ಗೀಟು ಹಾಕಿದ. ಲಾರಿ ಹೋಯಿತು. ಅವನು ಮುಖ್ಯಸ್ಥರಿಗೆ ಫೋನು ಮಾಡಿ ಅರವತ್ತೂ ಹೊರಟವೆಂದ. ಅವರು ಶಹಬ್ಬಾಸ್ ಎಂದರು.

ಏಳಕ್ಕೆ ಹೆಂಡತಿ ಪಾಳಿ ಮುಗಿಸಿ ಬಂದಳು. ಹಿಂದೆಯೇ ಆ ನಾಲ್ವರೂ ಬಂದರು. ಅತ್ತೆ ಚಹಾಕ್ಕೆ ಕರೆದಿದ್ದರಂತೆ. ಎಲ್ಲರೂ ಕುಳಿತ ಮೇಲೆ ಅತ್ತೆ ಸೆರಗಿನ ತುದಿ ತಿರುಚುತ್ತ, ಅಳಿಯಂದಿರ ಆಫೀಸಿಗೆ ಬೇಕಾದದ್ದನ್ನು ತಾನು ಕೊಟ್ಟುಬಿಟ್ಟೆ, ನಿಮಗೆಲ್ಲ ಕೊಟ್ಟು ಕಿತ್ತುಕೊಂಡ ಹಾಗಾಯಿತು ಎಂದರು. ಕಲ್ಲುಗಳು ಲಾರಿಗೆ ಬಂದದ್ದನ್ನು ಕಿಟಕಿಯಿಂದ ಕಂಡಿದ್ದ ಅವರಿಗೆ ಎಲ್ಲ ತಿಳಿದಿತ್ತು.

ಇಂಜಿನ್ ಅಜ್ಜ ಕೋಟಿನ ಜೇಬಿಗೆ ಕೈ ಹಾಕಿದರು. ಪಟ್ಟೆಪಟ್ಟೆಯ ಕಲ್ಲು ಮೇಜಿನ ಮೇಲೆ ಬಂತು. ಅದರ ಪಕ್ಕ ಕೆಂಪು ಹರಳಿನದು. ಕಪ್ಪು. ಕೊನೆಗೆ ಕೆಂಪು.

"ಕಿತ್ಕೊಳ್ಳೋದೆಲ್ಲಿ ಬಂತು ತಾಯಿ? ನೀವು ಕೈಯಾರೆ ಕೊಟ್ಟಿದ್ದನ್ನ ಆಫೀಸಿಗೆ ಕೊಡ್ತೀವಾ ನಾವು?" ಎಂದರು ಅಜ್ಜ. ನಾಲ್ವರೂ ಬೇಕರಿಯಲ್ಲಿ ಸೇರಿದ್ದರು. ಹಿಂದುಗಡೆ ಚರಂಡಿ ಕಟ್ಟಲು ಸುರಿದ ಕಲ್ಲಿನ ರಾಶಿಯಿತ್ತು. ಡಾಕ್ಟರ ಕೈ ಸೂಕ್ಷ್ಮವಾದ್ದರಿಂದ ನಂಬರು ಬರೆದದ್ದು ಅವರು. "ಅವರಿಗೆ ನಂಬರೊಂದು ಸರಿಯಿದ್ರೆ ಸಾಕು ಅಂತ ಸಾಹೇಬರೇ ಹೇಳಿದ್ರಲ್ಲ" ಎಂದು ಅಜ್ಜ ಸೇರಿಸಿದರು.

ಟೈಲರು ಕಲ್ಲುಸಾಹೇಬನತ್ತ ಒಲವಿನಿಂದ ಕಣ್ಣು ಮಿಟುಕಿಸಿದರು.

ಗಡಿಯಾರ ಏಳೂಕಾಲು ತೋರಿಸುತ್ತಿತ್ತು. ದೋಣಿ ದಾಟಿ ಆಗಿತ್ತು. ಚರಂಡಿಯ ನಾಲ್ಕು ಕಲ್ಲುಗಳು ದೇಶದ ಅತ್ಯುತ್ತಮ ಪ್ರಯೋಗಾಲಯದಲ್ಲಿ ತಮ್ಮ ವಯಸ್ಸು ತಿಳಿದುಕೊಳ್ಳಲು ಹೊರಟಿದ್ದವು. ಹೆಂಡತಿ ಅವನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಮತ್ತೆ ಅವನ ಮುಖ ನೋಡಿದಳು.

ಅವನು ಮೆಲ್ಲನೆ ಎದ್ದು ಹೊರಗೆ ಮೆಟ್ಟಿಲ ಮೇಲೆ ನಿಂತು ಮುಖ್ಯಸ್ಥರಿಗೆ ಫೋನು ಮಾಡಿದ. ಮಾದರಿಗಳು ಅದಲುಬದಲಾಗಿವೆ, ತಪ್ಪು ತನ್ನದೇ, ಆ ನಾಲ್ಕನ್ನು ಯಂತ್ರಕ್ಕೆ ಹಾಕಿಸಬೇಡಿ ಎಂದ. ಮುಖ್ಯಸ್ಥರು ಕೇಳಿದ್ದು ಒಂದೇ ಪ್ರಶ್ನೆ.

"ನಿಜವಾದವು ಎಲ್ಲಿವೆ?"

ಕಲ್ಲುಸಾಹೇಬ ಬಾಗಿಲ ಸಂದಿಯಿಂದ ನೋಡಿದ. ಅತ್ತೆ ಕೆಂಪು ಕಲ್ಲನ್ನೂ ಕಪ್ಪು ಕಲ್ಲನ್ನೂ ಜೋಡಿಸಿ ಹಿಡಿದು, ಇದು ಬಿರುಕು ಬಿಟ್ಟಿದ್ದಾಗ ಅದು ಕುದಿಯುತ್ತ ಬಂದು ನುಗ್ಗಿತೋ, ಅದು ತಣ್ಣಗೆ ಕೂತಿದ್ದಾಗ ಇದು ಬಂದಿತೋ, ಯಾರಿಗೂ ಇನ್ನೂ ಗೊತ್ತಿಲ್ಲ ಎಂದು ಹೇಳುತ್ತಿದ್ದರು. ನಾಲ್ವರೂ ಬಾಯಿ ಬಿಟ್ಟು ಕೇಳುತ್ತಿದ್ದರು. ಅತ್ತೆ ನಡುವೆ ಏನೋ ಅಂದು ನಕ್ಕರು. ಆ ಮನೆಯಲ್ಲಿ ಆ ನಗು ಅವನು ಕೇಳಿರಲಿಲ್ಲ.

"ಅವು ಸಿಗೋದಿಲ್ಲ ಸಾರ್" ಎಂದ.

ಹಾಗಾದರೆ ನಕ್ಷೆ ಬಿಳಿ ಕಲೆಯ ಸಮೇತ ಅಚ್ಚಾಗಲಿ, ಬರುವ ಬೇಸಿಗೆ ಅದೇ ಗೋಡೆಯನ್ನು ನೀವೊಬ್ಬರೇ ಹತ್ತಿ, ನಿಮ್ಮ ರಜೆಯಲ್ಲೇ, ಈಗ ವಿವರಣೆಯನ್ನು ಬರೆದು ಕಳಿಸಿ ಎಂದು ಮುಖ್ಯಸ್ಥರು ಫೋನಿಟ್ಟರು.

ಅವನು ಒಳಗೆ ಬಂದ. ಆಫೀಸಿನವರಿಗೆ ಸಂತೋಷವಾಯಿತೇ ಎಂದು ಅಜ್ಜ ಕೇಳಿದರು. ತುಂಬಾ ಆಯಿತು ಎಂದು ಕಲ್ಲುಸಾಹೇಬ ಊದಿದ ಕೆನ್ನೆಯಲ್ಲಿ ನಕ್ಕ. ಅತ್ತೆ ಅವನಿಗೆ ಆರಿದ ಚಹಾ ಕೊಟ್ಟು, ಸೊಂಟದಲ್ಲಿ ಸಿಕ್ಕಿಸಿದ್ದ ಮಡಿಸಿದ ಚೀಟಿ ತೆಗೆದರು.

"ಮತ್ತೆ ಗುಡ್ಡಕ್ಕೆ ಹೋಗೋದು ಯಾವಾಗ ಅಳಿಯಂದ್ರೇ?"

"ಬರೋ ಬೇಸಿಗೆಗೆ."

"ಒಳ್ಳೇದಾಯ್ತು. ಇವರದ್ದನ್ನ ನೋಡಿ ಇನ್ನೂ ಹನ್ನೊಂದು ಜನ ಕೇಳಿದ್ದಾರೆ. ನಿಮ್ಮ ಹೆಸರು ಹೇಳಿ ಒಪ್ಪಿಕೊಂಡುಬಿಟ್ಟಿದ್ದೀನಿ. ಅಂಚೆಯವಳಿಗೆ ಮಾತ್ರ ಸ್ವಲ್ಪ ದೊಡ್ಡದೇ ಇರಲಿ, ಮೂರು ಕಿಲೋ ಆದ್ರೆ ಸಾಕು."

ಕಲ್ಲುಸಾಹೇಬ ಪೆನ್ನು ತೆಗೆದು, ಚೀಟಿಯನ್ನು ಮಂಡಿಯ ಮೇಲೆ ಹರಡಿಕೊಂಡ.

"ಹೇಳಿ ಅತ್ತೆ, ಯಾರಿಗೆ ಯಾವ ಬಣ್ಣ?"